ಖಾಲಿ ಓಟದ ಬೆಲೆ: ಇಡೀ ಬಸ್ಸಿನ ಬಾಡಿಗೆಗೆ ಒಂದು ಚರಿತ್ರೆ

ಮದುವೆಯ ದಿಬ್ಬಣಕ್ಕೋ ಧರ್ಮಸ್ಥಳದ ಹರಕೆಗೋ ಶಾಲಾ ಮಕ್ಕಳ ಪ್ರವಾಸಕ್ಕೋ ಇಡೀ ಬಸ್ಸೊಂದನ್ನು ಗೊತ್ತುಮಾಡಲು ಹೊರಟವರು ಮೊದಲು ಕೇಳುವುದು ಕಿಲೋಮೀಟರಿಗೆ ಎಷ್ಟು ಎಂದು. ಉತ್ತರವೇನೋ ಸಿಗುತ್ತದೆ, ಆದರೆ ಕೊನೆಗೆ ಎಣಿಸಿಕೊಡುವ ಹಣಕ್ಕೂ ಆ ಉತ್ತರಕ್ಕೂ ನೇರ ಲೆಕ್ಕ ಕೂಡುವುದಿಲ್ಲ. ನಲವತ್ತು ಕಿಲೋಮೀಟರ್ ಆಚೆಯ ಛತ್ರಕ್ಕೆ ಹೋಗಿಬಂದರೂ ದಿನಕ್ಕೆ ಗೊತ್ತುಮಾಡಿದ ಕನಿಷ್ಠ ದೂರಕ್ಕೆ ದುಡ್ಡು ತೆರಬೇಕು. ಬಸ್ಸು ಡಿಪೋದಿಂದ ಮನೆಬಾಗಿಲಿಗೆ ಖಾಲಿ ಬಂದದ್ದಕ್ಕೂ ಜನರನ್ನು ಇಳಿಸಿ ಖಾಲಿ ಮರಳಿದ್ದಕ್ಕೂ ತೆರಬೇಕು. ಚಾಲಕನ ಭತ್ಯೆ, ಟೋಲು, ಪರ್ಮಿಟ್ಟು, ತೆರಿಗೆ ಇವೆಲ್ಲ ಬೇರೆ. ಇದಕ್ಕೆಲ್ಲ ಕಾರಣ ಕೇಳಿದರೆ ಡೀಸೆಲ್ ಏರಿದೆ, ಮುಹೂರ್ತದ ಕಾಲ, ಮಾಲೀಕರಿಗೆ ಆಸೆ ಜಾಸ್ತಿ ಎಂಬ ಮೂರು ಮಾತು ಕೇಳಿಬರುತ್ತವೆ. ಮೂರರಲ್ಲೂ ಸತ್ಯವಿದೆ. ಆದರೂ ಬಾಡಿಗೆಯ ಮೂಲ ಸ್ವರೂಪವನ್ನು ಗೊತ್ತುಮಾಡಿದ್ದು ಇವಲ್ಲ ಎಂಬುದು ನನ್ನ ವಾದ. ಜನರನ್ನು ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ಬಸ್ಸು ಬೇರೆ, ಒಂದೇ ಗುಂಪಿಗೆ ಇಡಿಯಾಗಿ ಒಪ್ಪಿಸಿಕೊಂಡ ಬಸ್ಸು ಬೇರೆ ಎಂದು ಸುಮಾರು 85 ವರ್ಷಗಳ ಹಿಂದೆ ಕಾನೂನು ನಡುವೆ ಒಂದು ಗೋಡೆ ಎಬ್ಬಿಸಿತು. ಇಂದು ನಾವು ಕೊಡುವ ಬಾಡಿಗೆಯ ದೊಡ್ಡ ಪಾಲು ಆ ಗೋಡೆಯ ಬೆಲೆ. ಗೋಡೆಯ ಒಳಗಿರುವ ಬಸ್ಸು ಮತ್ತೊಬ್ಬರನ್ನು ಹತ್ತಿಸಿಕೊಂಡು ದುಡಿಯಲಾಗದ ಹೊತ್ತಿಗೂ ನಾವೇ ಹಣ ತೆರುತ್ತೇವೆ.

ಗೋಡೆ ಎದ್ದ ಕಥೆ ಬಸ್ಸಿನಿಂದಲ್ಲ, ರೈಲಿನಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಮೋಟಾರು ಬಸ್ಸು ಊರೂರಿಗೂ ನುಗ್ಗಿತು. ರೈಲಿನ ಪಕ್ಕದಲ್ಲೇ ಓಡುತ್ತಾ, ನಿಲ್ದಾಣಕ್ಕೆ ಹೋಗದ ಪ್ರಯಾಣಿಕರನ್ನು ಸಂತೆಯ ಬಾಯಲ್ಲೇ ಹತ್ತಿಸಿಕೊಂಡು ಕಡಿಮೆ ದರಕ್ಕೆ ಒಯ್ಯುತ್ತಿತ್ತು. ರೈಲ್ವೆಗೆ ಇದು ನಷ್ಟದ ಹೊಡೆತ. ಬ್ರಿಟಿಷ್ ಸರ್ಕಾರ ರೈಲು ಮತ್ತು ರಸ್ತೆಯ ಪೈಪೋಟಿಯನ್ನು ಪರಿಶೀಲಿಸಲು ನೇಮಿಸಿದ ಮಿಚೆಲ್ ಮತ್ತು ಕರ್ಕ್‌ನೆಸ್ ಅವರ ವರದಿ 1933ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ವೆಜ್‌ವುಡ್ ಸಮಿತಿ ಅದೇ ಚಿಂತೆಯನ್ನು ಮುಂದುವರಿಸಿತು. ಈ ಯೋಚನೆಗಳ ಫಲವಾಗಿ ಬಂದ 1939ರ ಮೋಟಾರು ವಾಹನ ಕಾಯ್ದೆ ಹಣ ಪಡೆದು ಜನರನ್ನು ಒಯ್ಯುವ ಬಸ್ಸುಗಳನ್ನು ಎರಡು ಕಟ್ಟಾಗಿ ಒಡೆಯಿತು. ಒಂದು ಸ್ಟೇಜ್ ಕ್ಯಾರೇಜ್. ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಓಡುತ್ತಾ ಪ್ರತಿಯೊಬ್ಬನಿಂದ ಪ್ರತ್ಯೇಕ ಟಿಕೆಟ್ ಹಣ ಪಡೆಯುವಂಥದ್ದು. ನಮ್ಮವರು ಇದನ್ನು ಲೈನ್ ಬಸ್ಸು, ರೂಟ್ ಬಸ್ಸು, ಕರಾವಳಿಯಲ್ಲಿ ಸರ್ವಿಸ್ ಬಸ್ಸು ಎಂದರು. ಇನ್ನೊಂದು ಕಾಂಟ್ರಾಕ್ಟ್ ಕ್ಯಾರೇಜ್. ಮೊದಲೇ ಆದ ಒಂದು ಕರಾರಿನ ಮೇಲೆ ಇಡೀ ವಾಹನ ಒಂದು ಗುಂಪಿಗೆ ಮೀಸಲು, ಕರಾರಿನಲ್ಲಿ ಇಲ್ಲದವರನ್ನು ನಡುದಾರಿಯಲ್ಲಿ ಹತ್ತಿಸುವಂತಿಲ್ಲ, ಇಳಿಸುವಂತಿಲ್ಲ. ಈ ಕೊನೆಯ ವಾಕ್ಯವೇ ಬಾಡಿಗೆಯ ಚರಿತ್ರೆಯ ಮೂಲಬೀಜ. ದಿಬ್ಬಣವನ್ನು ಛತ್ರದಲ್ಲಿ ಇಳಿಸಿದ ಬಸ್ಸು ಮರಳುವಾಗ ದಾರಿಬದಿಯಲ್ಲಿ ಕೈಯೊಡ್ಡಿ ನಿಂತವರನ್ನು ಹತ್ತಿಸಿಕೊಂಡರೆ ಅಪರಾಧ. ಹತ್ತಿಸಿಕೊಳ್ಳದೆ ಬಂದರೆ ಆ ಖಾಲಿ ಓಟದ ಖರ್ಚು ದಿಬ್ಬಣದವರ ತಲೆಗೆ. ಕಾನೂನು ಮಾಡಿದವರ ಕಣ್ಣು ರೈಲಿನ ಆದಾಯದ ಮೇಲಿತ್ತು, ಅದರ ಲೆಕ್ಕವನ್ನು ಚುಕ್ತಾ ಮಾಡಿದವರು ಮದುವೆಯ ಯಜಮಾನರು.

ಆ ಕಾಯ್ದೆ ತೀರಾ ಕಲ್ಲುಮನಸ್ಸಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಜಾತ್ರೆ ಮತ್ತು ಧಾರ್ಮಿಕ ಸಮಾವೇಶಗಳಂಥ ವಿಶೇಷ ಸಂದರ್ಭಗಳಲ್ಲಿ ಜನರನ್ನು ಒಯ್ಯಲು ತಾತ್ಕಾಲಿಕ ಪರ್ಮಿಟ್ಟು ಕೊಡಬಹುದೆಂದು ಅದು ಸ್ಪಷ್ಟವಾಗಿ ಬರೆದಿತ್ತು. ಆ ಸೌಲಭ್ಯ 1988ರ ಹೊಸ ಮೋಟಾರು ವಾಹನ ಕಾಯ್ದೆಯಲ್ಲಿ 87ನೇ ಸೆಕ್ಷನ್ ಆಗಿ ಉಳಿದಿದೆ. ಲೈನ್ ಬಸ್ಸನ್ನೇ ಒಂದು ದಿನದ ಮಟ್ಟಿಗೆ ಇಡಿಯಾಗಿ ಬಾಡಿಗೆಗೆ ಬಿಡಲು 88ನೇ ಸೆಕ್ಷನ್ನಿನ ವಿಶೇಷ ಪರ್ಮಿಟ್ಟು ದಾರಿ ಕೊಡುತ್ತದೆ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್, ಉಡುಪಿಯ ಹನುಮಾನ್ ಟ್ರಾನ್ಸ್‌ಪೋರ್ಟ್, ಮಲೆನಾಡಿನ ಶಂಕರ್ ಕಂಪನಿಯಂಥ ಖಾಸಗಿ ಸಂಸ್ಥೆಗಳ ಕಾಲದಲ್ಲಿ ಈ ಸೌಲಭ್ಯದ ಅರ್ಥವ್ಯವಸ್ಥೆ ಸರಳವಾಗಿತ್ತು. ಬಸ್ಸಿನ ಸಾಲ, ರಿಪೇರಿ, ಚಾಲಕನ ಸಂಬಳವನ್ನು ವರ್ಷಪೂರ್ತಿ ಲೈನಿನ ದುಡಿಮೆಯೇ ಹೊರುತ್ತಿತ್ತು. ಮದುವೆಯೋ ತೇರೋ ಬಂದಾಗ ಸಿಗುವ ಬಾಡಿಗೆ ಅದರ ಮೇಲಿನ ಗಳಿಕೆ. ಹೀಗಾಗಿ ಬಾಡಿಗೆ ದರ ಆ ದಿನದ ಲೈನಿನ ಕಲೆಕ್ಷನ್ನಿಗಿಂತ ತುಸು ಹೆಚ್ಚಿದ್ದರೆ ಮಾಲೀಕನಿಗೆ ಸಾಕಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಘಟ್ಟ ಹತ್ತಿದ ವರ್ಷಗಳನ್ನು ಬಿಟ್ಟರೆ, ಬಾಡಿಗೆ ಬಸ್ಸು ಲೈನ್ ಬಸ್ಸಿನದೇ ಒಂದು ದಿನದ ವೇಷವಾಗಿತ್ತು.

ಸ್ವಾತಂತ್ರ್ಯದ ನಂತರ ಗೋಡೆ ಕಾಯುವ ಧಣಿ ಬದಲಾದ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಹೈದರಾಬಾದ್ ಕರ್ನಾಟಕದಲ್ಲಿ ನಿಜಾಮನ ರೈಲ್ವೆ 1932ರಿಂದಲೇ ಬಸ್ಸು ಓಡಿಸುತ್ತಿತ್ತು, ಮುಂಬೈ ಕರ್ನಾಟಕದ ಜಿಲ್ಲೆಗಳಿಗೆ ಮುಂಬೈ ಸರ್ಕಾರದ ಬಸ್ಸು ಬಂದಿತ್ತು. 1950ರಲ್ಲಿ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಬಂತು. 1956ರಲ್ಲಿ ಮೋಟಾರು ಕಾಯ್ದೆಗೆ ಸೇರಿದ ಹೊಸ ಅಧ್ಯಾಯ ಇಡೀ ರೂಟುಗಳನ್ನು ಸರ್ಕಾರಿ ಸಂಸ್ಥೆಗೆ ಮೀಸಲಿಡುವ ಅಧಿಕಾರ ಕೊಟ್ಟಿತು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ ಅದು ಕೆಎಸ್‌ಆರ್‌ಟಿಸಿ ಆಯಿತು. ಒಂದೊಂದೇ ಲೈನು ರಾಷ್ಟ್ರೀಕರಣವಾಗುತ್ತಾ ಹೋದಂತೆ ಖಾಸಗಿ ಮಾಲೀಕರ ಕೈಯಲ್ಲಿ ಬಸ್ಸು ಉಳಿಯಿತು, ದಾರಿ ಉಳಿಯಲಿಲ್ಲ. ಅವರಿಗೆ ತೆರೆದಿದ್ದ ಬಾಗಿಲು ಕಾಂಟ್ರಾಕ್ಟ್ ಕ್ಯಾರೇಜ್ ಒಂದೇ. ಆ ಪರ್ಮಿಟ್ಟು ಪಡೆದು, ಕಾಗದದ ಮೇಲೆ ಒಂದು ಪಾರ್ಟಿಯ ಹೆಸರು ಬರೆದು, ರಸ್ತೆಯಲ್ಲಿ ತಲೆಗಿಷ್ಟು ಎಂದು ಹಣ ಪಡೆದು ಜನರನ್ನು ಒಯ್ಯುವ ರೂಢಿ ಬೆಳೆಯಿತು. ನಿಗಮದ ತುಂಬಿದ ಲೈನುಗಳ ಕೆನೆ ಈ ಬಸ್ಸುಗಳಿಗೆ ಹೋಗತೊಡಗಿತು.

1976ರ ಜನವರಿ 30ರಂದು, ತುರ್ತು ಪರಿಸ್ಥಿತಿಯ ನಡುವೆ, ದೇವರಾಜ ಅರಸರ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. ರಾಜ್ಯದ ಖಾಸಗಿ ಕಾಂಟ್ರಾಕ್ಟ್ ಕ್ಯಾರೇಜುಗಳನ್ನು ಅವುಗಳ ಪರ್ಮಿಟ್ಟಿನ ಸಮೇತ ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಂಡಿತು. ಬಳಿಕ ಅದು ಕರ್ನಾಟಕ ಕಾಂಟ್ರಾಕ್ಟ್ ಕ್ಯಾರೇಜುಗಳ ಸ್ವಾಧೀನ ಕಾಯ್ದೆಯಾಯಿತು. ಈ ಬಸ್ಸುಗಳು ಕದ್ದುಮುಚ್ಚಿ ಲೈನ್ ಬಸ್ಸುಗಳಾಗಿ ಓಡುತ್ತಿವೆ, ಸಾರ್ವಜನಿಕ ಹಿತಕ್ಕೆ ಹಾನಿಯಾಗುತ್ತಿದೆ ಎಂಬುದೇ ಸರ್ಕಾರ ಕೊಟ್ಟ ಮುಖ್ಯ ಕಾರಣ. ಸಮುದಾಯದ ಭೌತಿಕ ಸಂಪನ್ಮೂಲಗಳು ಎಲ್ಲರ ಒಳಿತಿಗೆ ಹಂಚಿಕೆಯಾಗಬೇಕು ಎನ್ನುವ ಸಂವಿಧಾನದ 39ನೇ ವಿಧಿಯನ್ನೂ ಅದು ಆಧಾರವಾಗಿ ಹಿಡಿಯಿತು. ಮುಂದೆ ಹೊಸ ಕಾಂಟ್ರಾಕ್ಟ್ ಪರ್ಮಿಟ್ಟುಗಳ ಬಾಗಿಲು ಖಾಸಗಿಯವರಿಗೆ ಮುಚ್ಚಿ ನಿಗಮಕ್ಕೆ ಮಾತ್ರ ತೆರೆಯಿತು. ಹೈಕೋರ್ಟು ಕಾಯ್ದೆಯನ್ನು ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1977ರ ಅಕ್ಟೋಬರ್ 11ರಂದು ಏಳು ನ್ಯಾಯಮೂರ್ತಿಗಳ ಪೀಠ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಏಳೂ ಮಂದಿ ಕಾಯ್ದೆಯ ಪರ, ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನಿಬ್ಬರ ಜೊತೆ ಬರೆದ ಪ್ರತ್ಯೇಕ ತೀರ್ಪು, ಖಾಸಗಿ ಸ್ವತ್ತು ಕೂಡ ಸಮುದಾಯದ ಸಂಪನ್ಮೂಲವೇ ಎಂಬ ನಿಲುವು ತಾಳಿತು. ಉಳಿದ ನಾಲ್ವರು ಆ ನಿಲುವಿನಿಂದ ದೂರ ನಿಂತರು. ನಮ್ಮ ಬಾಡಿಗೆ ಬಸ್ಸುಗಳ ವ್ಯಾಜ್ಯದಿಂದ ಹುಟ್ಟಿದ ಆ ಪ್ರಶ್ನೆ ಇಡೀ ದೇಶವನ್ನು ಸುಮಾರು ಅರ್ಧ ಶತಮಾನ ಕಾಡಿತು. 2024ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಲ್ಲ ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವಾಗದು ಎಂದು ಬಹುಮತದಿಂದ ಹೇಳಿದ ಮೇಲಷ್ಟೇ ಅದು ತೀರ್ಮಾನಕ್ಕೆ ಬಂತು. ಕರ್ನಾಟಕದ ಸಾರಿಗೆಯ ಚರಿತ್ರೆಯಲ್ಲಿ ಇಷ್ಟು ತೂಕದ ಪ್ರಕರಣ ಬೇರೆ ಇಲ್ಲವೆಂದೇ ನನ್ನ ಅನಿಸಿಕೆ, ಆದರೂ ಸಾರಿಗೆಯ ಬಗ್ಗೆ ಮಾತಾಡುವಾಗ ಅದನ್ನು ನೆನೆಯುವವರು ಕಡಿಮೆ.

ಬಾಡಿಗೆಯ ಮೇಲೆ ಇದರ ಪರಿಣಾಮ ಏನಾಯಿತು? ಬಹುಮಟ್ಟಿಗೆ ಒಬ್ಬನೇ ಮಾರುವವನಾದ. ನಿಗಮದ ಬಸ್ಸಿನ ಹಣೆಯ ಮೇಲೆ ಪ್ರಾಸಂಗಿಕ ಕರಾರು ಎಂಬ ಫಲಕ ಬಂತು. ನಿಗಮ ಹೆಚ್ಚಾಗಿ ಲೈನಿನಿಂದ ಎಳೆದ ಬಸ್ಸನ್ನೇ ಕೊಡಬೇಕಿತ್ತು. ಹಾಗೆ ಎಳೆದಾಗ ಕಳೆದುಕೊಳ್ಳುವ ದಿನದ ವರಮಾನ ತುಂಬಿಬರಬೇಕು ಎಂಬುದು ದರದ ತಳಹದಿಯಾಯಿತು. ಒಂದು ಲೈನ್ ಬಸ್ಸು ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಅದನ್ನು ಮದುವೆಗೆ ಕೊಟ್ಟಾಗ ಎಂಬತ್ತು ಕಿಲೋಮೀಟರ್ ಮಾತ್ರ ಓಡಿದರೂ ಮುನ್ನೂರರ ಆಸುಪಾಸಿನ ಹಣ ಬರಲೇಬೇಕು. ದಿನದ ಕನಿಷ್ಠ ದೂರ ಎನ್ನುವ ಷರತ್ತು ಬಂದದ್ದು ಈ ತರ್ಕದಿಂದ. ಡಿಪೋದಿಂದ ಡಿಪೋಗೆ ಲೆಕ್ಕ ಹಾಕುವುದೂ ಇದರದೇ ಮುಂದುವರಿಕೆ. ಖಾಸಗಿ ಮಾಲೀಕರು ಮುಂದೆ ಈ ಲೆಕ್ಕದ ಚೌಕಟ್ಟನ್ನೇ ತಮ್ಮದಾಗಿಸಿಕೊಂಡರು, ಡಿಪೋ ಹೋಗಿ ಶೆಡ್ಡು ಬಂದದ್ದಷ್ಟೇ ವ್ಯತ್ಯಾಸ. ಈ ಮಧ್ಯೆ ಇನ್ನೊಂದು ಸಂದಿ ತೆರೆದಿತ್ತು. ಪ್ರವಾಸೋದ್ಯಮ ಬೆಳೆಯಲೆಂದು 1969ರ ತಿದ್ದುಪಡಿ ಸೀಮಿತ ಸಂಖ್ಯೆಯ ಅಖಿಲ ಭಾರತ ಪ್ರವಾಸಿ ಪರ್ಮಿಟ್ಟುಗಳಿಗೆ ಅವಕಾಶ ಮಾಡಿತ್ತು, 1988ರ ಕಾಯ್ದೆ ಅದನ್ನು ಹಿಗ್ಗಿಸಿತು. ಬಿಳಿ ಮೈ, ನಡುವೆ ಐದು ಸೆಂಟಿಮೀಟರಿನ ನೀಲಿ ಪಟ್ಟಿ, ಅರವತ್ತು ಸೆಂಟಿಮೀಟರಿನ ವೃತ್ತದೊಳಗೆ ಟೂರಿಸ್ಟ್ ಎಂಬ ಬರಹ. ಕಾಶಿಗೆ, ತಿರುಪತಿಗೆ, ಪಂಢರಪುರಕ್ಕೆ ನಮ್ಮ ಹಳ್ಳಿಗಳಿಂದ ಹೊರಟ ಬಸ್ಸುಗಳ ರೂಪ ಇದು. 1989ರ ಕೇಂದ್ರ ನಿಯಮಗಳು ಈ ಬಸ್ಸಿಗೂ ತಮ್ಮದೇ ಗೋಡೆ ಕಟ್ಟಿದವು. ಪ್ರತಿ ಪ್ರವಾಸಕ್ಕೂ ಪ್ರಯಾಣಿಕರ ಪಟ್ಟಿ ಮೂರು ಪ್ರತಿಯಲ್ಲಿರಬೇಕು, ಲೈನ್ ಬಸ್ಸುಗಳ ನಿಲ್ದಾಣದಲ್ಲಿ ನಿಲ್ಲಿಸಕೂಡದು, ಪ್ರವಾಸ ತವರು ರಾಜ್ಯದಲ್ಲಿ ಶುರುವಾಗಬೇಕು ಅಥವಾ ಅಲ್ಲಿಯೇ ಮುಗಿಯಬೇಕು, ಎರಡು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿಯಬಾರದು, ಎಂಟು ವರ್ಷ ತುಂಬಿದ ಬಸ್ಸಿಗೆ ಆ ಪರ್ಮಿಟ್ಟು ಊರ್ಜಿತವಲ್ಲ ಎಂಬವು ಆಗಿನ ಷರತ್ತುಗಳು.

ಎಂಟು ವರ್ಷದ ಆ ಒಂದು ಷರತ್ತು ಬಾಡಿಗೆಗೆ ಮಾಡಿದ್ದೇನೆಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡಬಹುದು. ಬಸ್ಸಿನ ಬೆಲೆ ನಲವತ್ತು ಲಕ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 150 ದಿನ ಬಾಡಿಗೆ ಸಿಕ್ಕರೆ ಎಂಟು ವರ್ಷಕ್ಕೆ 1,200 ದಿನ, ದಿನವೊಂದಕ್ಕೆ ಬಸ್ಸಿನ ಅಸಲೇ 3,333 ರೂಪಾಯಿ. ಅದೇ ಬಸ್ಸಿಗೆ ವರ್ಷಕ್ಕೆ 250 ದಿನದ ದುಡಿಮೆ ಇದ್ದರೆ ಅದು 2,000ಕ್ಕೆ ಇಳಿಯುತ್ತದೆ. ಬಡ್ಡಿ, ವಿಮೆ, ಮೂರು ತಿಂಗಳಿಗೊಮ್ಮೆ ಸೀಟಿಗಿಷ್ಟು ಎಂದು ಕಟ್ಟುವ ರಸ್ತೆ ತೆರಿಗೆ ಇವೆಲ್ಲ ಹೀಗೆಯೇ ದಿನಗಳ ಮೇಲೆ ಹಂಚಿಕೆಯಾಗುತ್ತವೆ. 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ತೆರಿಗೆ ಬೀಳುವುದು ಬಸ್ಸು ಓಡಿದ ದೂರದ ಮೇಲಲ್ಲ, ಬಸ್ಸಿನಲ್ಲಿರುವ ಸೀಟುಗಳ ಮೇಲೆ. ದಾಖಲೆಗಳನ್ನು ಕಚೇರಿಗೆ ಒಪ್ಪಿಸಿ ಬಸ್ಸನ್ನು ಓಡಿಸುವುದಿಲ್ಲವೆಂದು ಬರೆದುಕೊಡದ ಹೊರತು, ಶೆಡ್ಡಿನಲ್ಲಿ ನಿಂತ ದಿನಕ್ಕೂ ತೆರಿಗೆ ತಪ್ಪದು. ಲೈನಿನಲ್ಲಿ ದುಡಿಯಲು ಅನುಮತಿಯಿಲ್ಲದ ಬಸ್ಸು ಈ ಎಲ್ಲ ಭಾರವನ್ನು ಬೆರಳೆಣಿಕೆಯ ಮುಹೂರ್ತಗಳ ಮೇಲೆ ಹೊರಿಸಬೇಕು. ಮುಹೂರ್ತಗಳೋ ಒಟ್ಟಿಗೆ ಬರುವಂಥವು. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಧನುರ್ಮಾಸವನ್ನು ಅಯ್ಯಪ್ಪ ಸ್ವಾಮಿಗಳೂ ಡಿಸೆಂಬರಿನ ಶಾಲಾ ಪ್ರವಾಸಗಳೂ ತುಂಬುತ್ತವೆ, ಆಷಾಢದ ಮಳೆಗಾಲವನ್ನು ತುಂಬುವವರಿಲ್ಲ. ವೈಶಾಖದ ಬಾಡಿಗೆಯಲ್ಲಿ ಆಷಾಢದ ಬಾಡಿಗೆಯೂ ಸೇರಿರುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಕಾನೂನಿನ ಕಥೆ ಏಕೆ, ಬಾಡಿಗೆ ಏರಿದ್ದು ಡೀಸೆಲ್ಲಿನಿಂದಲ್ಲವೇ ಎಂದು. ಡೀಸೆಲ್ಲಿನ ಪಾತ್ರವನ್ನು ಅಲ್ಲಗಳೆಯಲಾಗದು. 2013ರ ಜನವರಿಯಿಂದ ಲೀಟರಿಗೆ ತಿಂಗಳಿಗಿಷ್ಟು ಪೈಸೆ ಎಂದು ಏರಿಸುತ್ತಾ, 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬೆಲೆಯನ್ನು ಸಂಪೂರ್ಣವಾಗಿ ಮಾರುಕಟ್ಟೆಗೆ ಬಿಟ್ಟಿತು. ಅಂದಿನಿಂದ ಮುಂಗಡ ಕೊಟ್ಟ ದಿನದ ಬೆಲೆಗೂ ಪ್ರಯಾಣದ ದಿನದ ಬೆಲೆಗೂ ತಾಳೆಯಾಗದೆ ಜಗಳಗಳಾಗಿವೆ. ಆದರೂ ಲೆಕ್ಕ ನೋಡೋಣ. ದೊಡ್ಡ ಬಸ್ಸೊಂದು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡಿದರೆ, ಲೀಟರಿಗೆ ತೊಂಬತ್ತು ರೂಪಾಯಿ ಹಿಡಿದರೂ, ಕಿಲೋಮೀಟರಿಗೆ ಇಪ್ಪತ್ತು ರೂಪಾಯಿ. ಕರಾರಿನ ಬಸ್ಸಿನ ಕಿಲೋಮೀಟರ್ ದರ ಇದರ ಎರಡು ಪಟ್ಟಿಗಿಂತ ಕಡಿಮೆಗೆ ಸಿಗುವುದು ಅಪರೂಪ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಂಬತ್ತು ಕಿಲೋಮೀಟರ್ ಓಡಿದ ಬಸ್ಸು ಮುನ್ನೂರು ಕಿಲೋಮೀಟರಿನ ಬಾಡಿಗೆ ಪಡೆದಾಗ, ಉಳಿದ 220 ಕಿಲೋಮೀಟರಿನಲ್ಲಿ ಒಂದು ಹನಿ ಡೀಸೆಲ್ಲೂ ಉರಿದಿರುವುದಿಲ್ಲ. ದೂರದ ಪ್ರವಾಸದಲ್ಲಿ ಡೀಸೆಲ್ ದೊಡ್ಡ ಬಾಬು ಹೌದು, ಹತ್ತಿರದ ದಿಬ್ಬಣದಲ್ಲಿ ಅಲ್ಲ. ನಮ್ಮ ನಾಡಿನಲ್ಲಿ ಹೆಚ್ಚಿನ ಬಸ್ಸು ಗೊತ್ತಾಗುವುದು ಹತ್ತಿರದ ದಿಬ್ಬಣಕ್ಕೆ, ಬೀಗರೂಟಕ್ಕೆ, ಮನೆದೇವರ ಜಾತ್ರೆಗೆ. ಅಲ್ಲಿ ಕೊಡುವ ಹಣ ಕಾಯುವಿಕೆಯ ಹಣ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಗೋಡೆಯೇ ಕಾರಣವಾಗಿದ್ದರೆ, ಗೋಡೆ ಬಿದ್ದಾಗ ಬಾಡಿಗೆ ಇಳಿಯಬೇಕಿತ್ತಲ್ಲ? 1988ರ ಕಾಯ್ದೆ ಪರ್ಮಿಟ್ಟುಗಳನ್ನು ಉದಾರಗೊಳಿಸಿದಾಗ, ಅದರೊಂದಿಗೆ ನಮ್ಮ 1976ರ ಕಾಯ್ದೆ ತಾಳೆಯಾಗುವುದಿಲ್ಲವೆಂದು ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1990ರಲ್ಲಿ ವಿಜಯಕುಮಾರ್ ಶರ್ಮಾ ಪ್ರಕರಣದಲ್ಲಿ ಬಹುಮತದ ತೀರ್ಪು ರಾಜ್ಯದ ಕಾಯ್ದೆಯನ್ನು ಉಳಿಸಿತು. ಕೊನೆಗೆ 2003ರಲ್ಲಿ ರಾಜ್ಯವೇ ತಿದ್ದುಪಡಿ ತಂದು 1976ರ ಕಾಯ್ದೆಯನ್ನು ರದ್ದು ಮಾಡಿತು. ಆ ರದ್ದತಿಯ ಮೇಲಿನ ವ್ಯಾಜ್ಯವೂ ದಶಕಗಳ ಕಾಲ ಎಳೆದು, 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದತಿ ಸರಿ ಎಂದಿತು. ಅಂದರೆ ಖಾಸಗಿ ಬಾಡಿಗೆ ಬಸ್ಸಿಗೆ ರಾಜ್ಯದೊಳಗೆ ಬಾಗಿಲು ತೆರೆದು ಎರಡು ದಶಕ ದಾಟಿದೆ. ಆದರೂ ಬಾಡಿಗೆ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ: 2003ರಲ್ಲಿ ಬಿದ್ದದ್ದು ಯಾರು ಬಸ್ಸು ಇಡಬಹುದು ಎಂಬ ಬೇಲಿ ಮಾತ್ರ. ಬಾಡಿಗೆ ಬಸ್ಸು ಒಬ್ಬೊಬ್ಬರನ್ನು ಹತ್ತಿಸಿಕೊಳ್ಳಬಾರದು ಎಂಬ 1939ರ ಮೂಲ ಗೋಡೆ ಇಂದಿಗೂ ನಿಂತಿದೆ. ಮಾಲೀಕರ ಸಂಖ್ಯೆ ಹೆಚ್ಚಿದಾಗ ಪೈಪೋಟಿ ಬಂದದ್ದು ನಿಜ. ಅದರಿಂದ ಪುಷ್‌ಬ್ಯಾಕ್ ಸೀಟು, ಎಸಿ, ಮಿನಿ ಬಸ್ಸು, ಟೆಂಪೋ ಟ್ರಾವೆಲರ್ ಎಂದು ಆಯ್ಕೆ ಹೆಚ್ಚಿತು. ಆದರೆ ಬಸ್ಸುಗಳು ಹೆಚ್ಚಿ ಮುಹೂರ್ತಗಳು ಅಷ್ಟೇ ಉಳಿದಾಗ ಒಂದೊಂದು ಬಸ್ಸಿಗೆ ಸಿಗುವ ದಿನಗಳು ಕಡಿಮೆಯಾಗುತ್ತವೆ, ಪ್ರತಿ ದಿನದ ಮೇಲೆ ಬೀಳುವ ಅಸಲು ಹೆಚ್ಚುತ್ತದೆ. ಪೈಪೋಟಿ ಲಾಭವನ್ನು ಕತ್ತರಿಸಬಲ್ಲದು, ಖಾಲಿ ದಿನವನ್ನು ತುಂಬಲಾರದು.

ಗೋಡೆಯಲ್ಲಿ ಬಿದ್ದಿರುವ ಬಿರುಕು ಕೂಡ ಬಾಡಿಗೆಯನ್ನು ಏರಿಸುವ ಕಡೆಗೇ ಕೆಲಸ ಮಾಡಿದೆ. ಇಂದು ರಾತ್ರಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಬಹುಪಾಲಿನ ಕೈಯಲ್ಲಿರುವುದು ಕಾಂಟ್ರಾಕ್ಟ್ ಕ್ಯಾರೇಜ್ ಅಥವಾ ಪ್ರವಾಸಿ ಪರ್ಮಿಟ್ಟು. ಆದರೆ ಸೀಟು ಮಾರಾಟವಾಗುವುದು ಮೊಬೈಲಿನಲ್ಲಿ ಒಂದೊಂದಾಗಿ. 1976ರಲ್ಲಿ ಸರ್ಕಾರ ಯಾವುದನ್ನು ಕದ್ದುಮುಚ್ಚಿ ನಡೆಯುವ ವ್ಯವಹಾರವೆಂದು ದೂರಿತ್ತೋ ಅದೀಗ ಹಾಡುಹಗಲೇ ನಡೆಯುತ್ತಿದೆ. ಲೈನ್ ಬಸ್ಸಿನ ಟಿಕೆಟ್ ದರವನ್ನು ಸರ್ಕಾರ ಗೊತ್ತುಮಾಡುತ್ತದೆ, 2025ರ ಜನವರಿ 5ರಿಂದ ಅದು ಶೇಕಡ 15ರಷ್ಟು ಏರಿದ್ದೂ ಸರ್ಕಾರದ ತೀರ್ಮಾನದಿಂದ. ಈ ರಾತ್ರಿ ಬಸ್ಸುಗಳಿಗೆ ಅಂಥ ಹಂಗಿಲ್ಲ. ದೀಪಾವಳಿಯ ಹಿಂದಿನ ರಾತ್ರಿ ಮೂವತ್ತು ಮಲಗುವ ಸೀಟುಗಳನ್ನು ತಲಾ ಒಂದೂವರೆ ಸಾವಿರಕ್ಕೆ ಮಾರಬಲ್ಲ ಮಾಲೀಕನಿಗೆ ಒಂದು ದಾರಿಯಲ್ಲೇ ನಲವತ್ತೈದು ಸಾವಿರ ಕಾಣುತ್ತದೆ. ಆ ರಾತ್ರಿ ನಿಮ್ಮ ಕುಟುಂಬದ ಪ್ರವಾಸಕ್ಕೆ ಅವನು ಬಸ್ಸು ಕೊಡಬೇಕಾದರೆ ಆ ಮೊತ್ತವನ್ನು ಮೀರಿಸಬೇಕು. ಹೀಗೆ ಗುಂಪಿನ ಬಾಡಿಗೆ ಬಿಡಿ ಸೀಟಿನ ಬೆಲೆಗೆ ಗಂಟುಬಿದ್ದಿದೆ. ಹಬ್ಬದ ಸಾಲಿನಲ್ಲಿ ಬಾಡಿಗೆ ಜಿಗಿಯುವುದನ್ನು ಬರಿಯ ದುರಾಸೆ ಎಂದು ಬಯ್ಯುವವರು ಈ ಗಂಟನ್ನು ಗಮನಿಸುವುದಿಲ್ಲ. ದುರಾಸೆ ಇಲ್ಲವೆಂದಲ್ಲ. ಆದರೆ ಅದೇ ಮಾಲೀಕ ಆಷಾಢದಲ್ಲಿ ಡೀಸೆಲ್ಲು, ಭತ್ಯೆ ಹುಟ್ಟಿದರೆ ಸಾಕೆಂದು ಒಪ್ಪುತ್ತಾನೆ. ಮನುಷ್ಯನ ಸ್ವಭಾವ ಎರಡು ತಿಂಗಳಲ್ಲಿ ಬದಲಾಗುವುದಿಲ್ಲ, ಅವನು ಕಳೆದುಕೊಳ್ಳುವ ಬೇರೆ ಗಿರಾಕಿಯ ಮೊತ್ತ ಬದಲಾಗಿರುತ್ತದೆ.

ಉಳಿದ ಬಾಬುಗಳು ಈ ಚೌಕಟ್ಟಿನ ಮೇಲೆ ಬಂದು ಕೂರುತ್ತವೆ. 2008ರ ಹೆದ್ದಾರಿ ಶುಲ್ಕ ನಿಯಮಗಳು ಮೂಲದರವನ್ನು ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಮಿನಿ ಬಸ್ಸಿಗೆ 1 ರೂಪಾಯಿ 5 ಪೈಸೆ, ಬಸ್ಸಿಗೆ 2 ರೂಪಾಯಿ 20 ಪೈಸೆ ಎಂದು ನಿಗದಿ ಮಾಡಿದವು. ದರ ವರ್ಷವರ್ಷವೂ ಏರಿದರೂ ಬಸ್ಸಿಗೆ ಕಾರಿನ ಮೂರು ಪಟ್ಟು ಮೀರಿದ ಟೋಲು ಎಂಬ ಅನುಪಾತ ಅಲ್ಲಿಂದಲೇ ಬಂತು. ಖಾಲಿ ಮರಳುವ ಬಸ್ಸೂ ಅಷ್ಟೇ ಟೋಲು ಕಟ್ಟುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಯನ್ನು ದಿನಕ್ಕೆ ಎಂಟು ಗಂಟೆಗೆ, ದೂರದ ಓಟದಲ್ಲಿ ಹತ್ತು ಗಂಟೆಗೆ ಮಿತಿಗೊಳಿಸಿತು. ರಾತ್ರಿ ಹೊರಟು ಮರುರಾತ್ರಿ ಮರಳುವ ಹೊರನಾಡು, ಶೃಂಗೇರಿ ಪ್ರವಾಸಕ್ಕೆ ಇಬ್ಬರು ಚಾಲಕರು ಬೇಕು ಎನ್ನುವುದು ಆ ಮಿತಿಯ ಅರ್ಥ, ಒಬ್ಬನನ್ನೇ ಕಳಿಸಿ ದರ ಇಳಿಸುವವರಿಂದ ದೂರವಿರುವುದೇ ಲೇಸು. ಘಟ್ಟದ ದಾರಿಗಳೂ ಲೆಕ್ಕ ತಪ್ಪಿಸುತ್ತವೆ. ಆಗುಂಬೆಯ ತಿರುವುಗಳಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುತ್ತಾರೆ, 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲೂ ದೀರ್ಘಕಾಲ ನಿರ್ಬಂಧವಿತ್ತು. ಐವತ್ತು ಜನರ ಗುಂಪು ಆಗ ಒಂದು ದೊಡ್ಡ ಬಸ್ಸಿನ ಬದಲು ಎರಡು ಮಿನಿ ಬಸ್ಸು ಹಿಡಿಯಬೇಕು, ಇಲ್ಲವೇ ಸುತ್ತುದಾರಿಯ ದೂರ ತೆರಬೇಕು. ಇನ್ನು ಚುನಾವಣೆ ಬಂದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಸೆಕ್ಷನ್ ಬಸ್ಸುಗಳನ್ನು ಕೆಲಸಕ್ಕೆ ಕರೆಯುವ ಅಧಿಕಾರ ಕೊಡುತ್ತದೆ. 2023ರ ಮೇ 10ರ ವಿಧಾನಸಭಾ ಮತದಾನ, 2024ರ ಏಪ್ರಿಲ್ 26 ಮತ್ತು ಮೇ 7ರ ಲೋಕಸಭಾ ಮತದಾನ ಬಿದ್ದದ್ದು ಮದುವೆಗಳು ತುಂಬಿರುವ ಬೇಸಿಗೆಯ ತಿಂಗಳುಗಳಲ್ಲೇ.

ಹಾಗಾದರೆ ಗೋಡೆಯನ್ನೇ ಕೆಡವಿಬಿಡಬಾರದೇಕೆ ಎಂದು ಕೇಳಬಹುದು. ಬಾಡಿಗೆ ಬಸ್ಸಿಗೆ ದಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳಲು ಬಿಟ್ಟರೆ ಖಾಲಿ ಓಟ ತಪ್ಪುತ್ತದೆ, ದರ ಇಳಿಯುತ್ತದೆ. ಲೆಕ್ಕ ಸರಿ, ಆದರೂ ನಾನು ಅದನ್ನು ಒಪ್ಪುವುದಿಲ್ಲ. ಅಂಥ ಬಸ್ಸು ಜನ ತುಂಬಿರುವ ದಾರಿಗೆ, ಜನ ತುಂಬಿರುವ ಹೊತ್ತಿಗೆ ಮಾತ್ರ ಬರುತ್ತದೆ. ಬೆಳಗಿನ ಆರಕ್ಕೆ ಆರು ಜನರನ್ನು ಹತ್ತಿಸಿಕೊಂಡು ಹಳ್ಳಿ ಬಿಡುವ ಬಸ್ಸು, ಶಾಲೆ ಬಿಟ್ಟ ಹೊತ್ತಿಗೆ ಪಾಸಿನ ಮಕ್ಕಳನ್ನು ತುಂಬಿಕೊಂಡು ಬರುವ ಬಸ್ಸು ನಷ್ಟದಲ್ಲೇ ಓಡುವಂಥವು. ಆ ನಷ್ಟವನ್ನು ತುಂಬುವುದು ತುಂಬಿದ ಲೈನುಗಳ ಗಳಿಕೆ. ಶಂಕರ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, ಮಲೆನಾಡಿನ ಮೂಲೆಮೂಲೆಗೆ ಸುಮಾರು ಮೂರು ದಶಕ ಬಸ್ಸು ಓಡಿಸಿ 2020ರಲ್ಲಿ ನಿಂತುಹೋಯಿತು. ಅದು ನಿಂತಾಗ ಆ ಹಳ್ಳಿಗಳು ಕಳೆದುಕೊಂಡದ್ದನ್ನು ಯಾವ ಟೂರಿಸ್ಟ್ ಬಸ್ಸೂ ತುಂಬಲಿಲ್ಲ. ಲೈನ್ ಬಸ್ಸನ್ನು ಕಾಯುವ ಗೋಡೆ ಬೇಕು. ಇಡೀ ಬಸ್ಸು ಗೊತ್ತುಮಾಡುವ ನಾವು ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಆ ಬೆಳಗಿನ ಆರರ ಬಸ್ಸಿನ ಉಳಿವಿಗೆ ಸಂದಾಯವಾಗುತ್ತದೆ ಎಂಬುದನ್ನು ನಾನು ಗೌರವದಿಂದಲೇ ಕಾಣುತ್ತೇನೆ.

ಗೋಡೆ ಉಳಿಸಿಕೊಂಡೇ ಬಾಡಿಗೆ ತಗ್ಗಿಸುವ ದಾರಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕಾಣಸಿಗುತ್ತದೆ. ಅಲ್ಲಿನ ಲೈನುಗಳು ಪೂರ್ತಿ ರಾಷ್ಟ್ರೀಕರಣವಾಗಲಿಲ್ಲ, ಸರ್ವಿಸ್ ಬಸ್ಸು ಬಹುಮಟ್ಟಿಗೆ ಖಾಸಗಿಯವರದೇ. ಭಾನುವಾರ ಕಚೇರಿ, ಕಾಲೇಜು ಇಲ್ಲದೆ ಲೈನಿನ ಕಲೆಕ್ಷನ್ ಇಳಿಯುವ ದಿನ ಮಾಲೀಕರು ವಿಶೇಷ ಪರ್ಮಿಟ್ಟು ಪಡೆದು ಅದೇ ಬಸ್ಸನ್ನು ಮದುವೆಗೆ ಕಳಿಸುತ್ತಾರೆ. ವಾರದ ಆರು ದಿನ ಲೈನಿನಲ್ಲಿ ಅಸಲು ದುಡಿದ ಬಸ್ಸು ಏಳನೆಯ ದಿನ ದಿಬ್ಬಣಕ್ಕೆ ಹೋಗುವುದರಿಂದ ವರ್ಷದ ಭಾರವೆಲ್ಲ ಮುಹೂರ್ತದ ಮೇಲೆ ಬೀಳುವುದಿಲ್ಲ. ಇದರಲ್ಲಿ ಒಂದು ಹಾನಿಯೂ ಇದೆ. ಬಸ್ಸು ಮದುವೆಗೆ ಹೋದ ದಿನ ಆ ಲೈನಿನ ಜನ ನಿಲ್ದಾಣದಲ್ಲಿ ಕಾಯುತ್ತಾ ಉಳಿಯುತ್ತಾರೆ. ರಾಜಕೀಯ ಸಮಾವೇಶಗಳಿಗೆ ನೂರಾರು ಸರ್ಕಾರಿ ಬಸ್ಸುಗಳು ಕರಾರಿನ ಮೇಲೆ ಹೋದಾಗ ಹಳ್ಳಿಗರು ಪಡುವ ಪಾಡು ಇದರದೇ ದೊಡ್ಡ ರೂಪ. 2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿ ನಿಗಮದ ಬಸ್ಸುಗಳು ಅವರಿಂದ ತುಂಬಿರುವಾಗ ಲೈನಿನಿಂದ ಬಸ್ಸು ಎಳೆಯುವುದು ಹಿಂದಿಗಿಂತ ದೊಡ್ಡ ಅನ್ಯಾಯ. ಆದ್ದರಿಂದ ಎಳೆಯಬೇಕಾದದ್ದು ವಾರದ ದಿನದ ಲೈನಿನಿಂದಲ್ಲ, ಭಾನುವಾರದ ಬಿಡುವಿನಿಂದ. ಅಂಥ ದಿನಗಳಲ್ಲಿ ನಿಗಮ ಕನಿಷ್ಠ ದೂರದ ಷರತ್ತನ್ನು ಅರ್ಧಕ್ಕೆ ಇಳಿಸಬಹುದು, ಏಕೆಂದರೆ ಆ ದಿನ ಬಸ್ಸು ಕಳೆದುಕೊಳ್ಳುವ ವರಮಾನವೇ ಕಡಿಮೆ. ಖಾಸಗಿ ಬಾಡಿಗೆ ಬಸ್ಸಿನ ತೆರಿಗೆಯನ್ನು ಸೀಟಿನ ಬದಲು ಓಡಿದ ದಿನಗಳಿಗೆ ಗಂಟುಹಾಕುವುದೂ ಅಸಾಧ್ಯವೇನಲ್ಲ. ಫಾಸ್ಟ್ಯಾಗಿನಲ್ಲಿಯೂ ಪರ್ಮಿಟ್ಟಿನ ಕಡತದಲ್ಲಿಯೂ ಬಸ್ಸಿನ ಓಡಾಟದ ಗುರುತು ಈಗಾಗಲೇ ಉಳಿಯುತ್ತಿದೆ. ಇವೆರಡೂ ಆದರೆ ಲೈನ್ ಬಸ್ಸಿನ ಒಬ್ಬ ಪ್ರಯಾಣಿಕನೂ ಕಡಿಮೆಯಾಗದೆ, ನಲವತ್ತು ಕಿಲೋಮೀಟರಿನ ದಿಬ್ಬಣ ಆ ದೂರಕ್ಕೆ ಹತ್ತಿರದ ದುಡ್ಡಿನಲ್ಲೇ ಹೋಗಿಬರಬಹುದು.